ನಡಾವಳಿಯಲ್ಲಿ ಬರೆಯದ್ದು

ಸಭೆ ಸೇರಿದ್ದು ಲಿಫ್ಟಿನ ಮುಂದೆ.
ಸಭಾಂಗಣ ಇನ್ನೂ ಕಟ್ಟಿಲ್ಲ; ಕರಪತ್ರದಲ್ಲಿ ಮಾತ್ರ ಇದೆ,
ಬೆಂಕಿಗೂಡು, ನೀಲಿ ಸೋಫಾ, ನಗುವ ಮುದುಕರ ಸಮೇತ.
ಹೊರಗೆ ಡುಲೂತ್ ಊರಿನ ಫೆಬ್ರವರಿ.
ಸರೋವರ ಹೆಪ್ಪುಗಟ್ಟಿ ಹಡಗುಗಳೆಲ್ಲ
ದಕ್ಕೆಗೆ ಕಟ್ಟಿಸಿಕೊಂಡು ನಿಂತಿವೆ.
ನಾನು ಕಾರ್ಯದರ್ಶಿ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವನು;
ಯಾರು ಹತ್ತಿದರು ಯಾರು ಇಳಿದರು ಬಲ್ಲ ಎಂದು
ಈ ಪುಸ್ತಕ ನನ್ನ ಕೈಗೆ ಕೊಟ್ಟರು.

ಹಾಜರಿ: ಹತ್ತೊಂಬತ್ತು.
ಗೈರು: ಕಟ್ಟಿದವನು.

ಮೂವತ್ತೆಂಟು ಮನೆಗಳಲ್ಲಿ ಹದಿನೈದು ಮಾರಾಟವಾಗದೆ
ಅವನ ಕಂಪನಿಯ ಹೆಸರಲ್ಲೇ ಉಳಿದಿವೆ.
ಕಿಟಕಿಗೆ ಪರದೆಯಿಲ್ಲ, ಬಾಗಿಲಿಗೆ ಸಂಖ್ಯೆಯಿಲ್ಲ,
ಆದರೆ ಬಾಯ್ಲರಿನ ಬಿಸಿ ಅವಕ್ಕೂ ಹೋಗಲೇಬೇಕು,
ಇಲ್ಲವಾದರೆ ಕೊಳವೆ ಒಡೆದು ನಮ್ಮ ತಲೆಯ ಮೇಲೇ ಸುರಿಯುತ್ತದೆ.
ಹದಿನಾಲ್ಕು ತಿಂಗಳ ಅವುಗಳ ಪಾಲು ಬಂದಿಲ್ಲ.
ಕಟ್ಟಿದವನೇ ಕಟ್ಟಲಿಲ್ಲ.
ಈಗ ದಿವಾಳಿ ಎದ್ದಿದ್ದಾನೆ.
ಏಳುವುದಂತೆ! ಏಳನೇ ಮಹಡಿಯ ಮೆಟ್ಟಿಲಿಗೆ
ಕಟಾಂಜನ ಹಾಕದವನು
ಕಾಗದದ ಮೇಲೆ ಎದ್ದು ನಡೆದ.

ವಕೀಲೆ ರೊಕ್ಸಾನ್ ಬೋಲ್ಯೂ ಹಿಮದ ಬೂಟು ಬಾಗಿಲಲ್ಲಿ ಬಿಟ್ಟು
ಕಾಲುಚೀಲದಲ್ಲೇ ನಿಂತು ಹೇಳಿದಳು:
ಅವನು ಅರ್ಜಿ ಹಾಕಿದ ಗಳಿಗೆಯಿಂದ ತಡೆ ಬಿದ್ದಿದೆ.
ದಾವೆ ಹೂಡುವಂತಿಲ್ಲ, ಬಾಕಿ ಕೇಳಿ ಕಾಗದ ಬರೆಯುವಂತಿಲ್ಲ,
ಫೋನಿನಲ್ಲಿ ಕಾಡುವಂತೆಯೂ ಇಲ್ಲ.
ಮೂರನೇ ಮಹಡಿಯ ಹಾಲ್ವರ್ ತಲೆ ತಗ್ಗಿಸಿದ.
ನಿನ್ನೆ ರಾತ್ರಿ ಫೋನು ಮಾಡಿ ಬೈದಿದ್ದ.
ಆ ದಿನಕ್ಕೆ ಮೊದಲಿನ ಬಾಕಿ ಬೇರೆ, ಆಮೇಲಿನದು ಬೇರೆ.
ಹಳೆಯದಕ್ಕೆ ಸಾಲಿನಲ್ಲಿ ನಿಲ್ಲಬೇಕು.
ಹೊಸದನ್ನು, ಮನೆಗಳನ್ನು ಈಗ ಕೈಯಲ್ಲಿಟ್ಟುಕೊಂಡವರು
ಕೊಡಬೇಕು, ಕೇಳಿದರೆ.
ಕೇಳಿದರೆ ಅನ್ನುವುದನ್ನು ಎರಡು ಸಲ ಹೇಳಿದಳು.

ಸಾಲು ಎಷ್ಟುದ್ದ?
ಪಟ್ಟಿ ಬಿಚ್ಚಿದಳು. ಮೊದಲು ಬ್ಯಾಂಕು. ಆಮೇಲೆ ಇನ್ನೊಂದು ಬ್ಯಾಂಕು.
ಗಾಜಿನವನು, ಕ್ರೇನಿನವನು, ಕರಪತ್ರ ಅಚ್ಚು ಹಾಕಿದವನು.
ನಲವತ್ತೊಂದನೆಯದು ನಾವು.
ಅವನಿಗೆ ನಾವು ಸಾಲ ಕೊಟ್ಟಿದ್ದೇವೆಂದು
ಅಲ್ಲಿಯವರೆಗೆ ನಮಗೇ ತಿಳಿದಿರಲಿಲ್ಲ.

ಖಜಾಂಚಿ ಐಲಾ ಕೋಸ್ಕೆಲಾ, ವಯಸ್ಸು ಎಂಬತ್ತೊಂದು,
ಮೊಳೆ ಮಾರುವ ಅಂಗಡಿಯ ಲೆಕ್ಕ ಬರೆದು ಕಣ್ಣು ಸವೆಸಿದವಳು,
ಹಕ್ಕಿನ ನಮೂನೆಯನ್ನು ಮೊದಲು ಪೆನ್ಸಿಲಿನಲ್ಲಿ ತುಂಬಿ
ಆಮೇಲೆ ಶಾಯಿಯಲ್ಲಿ ತೀಡಿದಳು.
ಅರವತ್ತೆರಡು ಸಾವಿರದ ಏಳುನೂರ ನಲವತ್ತು ಡಾಲರು, ಹದಿನೆಂಟು ಸೆಂಟು.
'ಸೆಂಟು ಬಿಡು ಐಲಾ, ಡಾಲರಿಗೆ ಒಂಬತ್ತು ಸೆಂಟು ಬಂದರೆ ಪುಣ್ಯ.'
'ಅದಕ್ಕೇ ಬಿಡಬಾರದು.'

ಕೋರ್ಟಿನಲ್ಲಿ ನಮ್ಮ ಸರದಿ ನಾಲ್ಕು ನಿಮಿಷ.
ಬ್ಯಾಂಕಿನ ಕಡೆ ಆರು ಕರಿ ಕೋಟು.
'ಸಂಘದ ಪರವಾಗಿ ಯಾರಾದರೂ ಇದ್ದಾರೆಯೇ?'
ರೊಕ್ಸಾನ್ ಎದ್ದಳು. ಅವಳೊಬ್ಬಳು ಎದ್ದರೆ ಸಾಕಿತ್ತಂತೆ.
ನಮಗೇನು ಗೊತ್ತು? ಹನ್ನೊಂದು ಜನ ಎದ್ದೆವು.
ಹಾಲ್ವರನ ಊರುಗೋಲು ಬೆಂಚಿಗೆ ಬಡಿಯಿತು.
ನ್ಯಾಯಾಧೀಶೆ ಕನ್ನಡಕ ತೆಗೆದು ನಮ್ಮನ್ನು ಎಣಿಸಿದ ಹಾಗಿತ್ತು.

ಸಿಕ್ಕಿದ್ದು: ಅರ್ಜಿಯ ದಿನದಿಂದೀಚಿನ ತಿಂಗಳ ಬಾಬ್ತು.
ಬಾಲ್ಕನಿ ಸೋರುವುದಕ್ಕೆ ಅವನ ವಿಮೆಯವರನ್ನು ಹಿಡಿಯಲು ಅನುಮತಿ.
ಬಾಯ್ಲರ್ ಕೋಣೆಯ ಬೀಗದ ಕೈ. ಕಟ್ಟಡದ ನಕ್ಷೆ.

ನಕ್ಷೆ ಬಂದ ರಾತ್ರಿ ಲಿಫ್ಟಿನ ಮುಂದೆ ನೆಲದ ಮೇಲೆ ಹರಡಿ
ನಾಲ್ಕು ಮೂಲೆಗೆ ನಾಲ್ವರ ಬೂಟು ಇಟ್ಟೆವು.
ಐಲಾ ಮಂಡಿಯೂರಿ ಬೆರಳು ಓಡಿಸಿದಳು:
ಪ್ರತಿ ಬಾಲ್ಕನಿಗೂ ಒಂದು ಇಳಿಜಾರು, ಒಂದು ತೂತು,
ಒಂದು ತಾಮ್ರದ ಕೊಳವೆ.
ನಾವು ಯಾರೂ ನೋಡಿರದ ಕೊಳವೆ.
ಕಾಗದದಲ್ಲಿ ನೀರು ಎಷ್ಟು ಚೆನ್ನಾಗಿ ಹರಿದುಹೋಗುತ್ತಿತ್ತು!
ತುಸು ಹೊತ್ತು ಯಾರೂ ಮಾತಾಡಲಿಲ್ಲ.
ಆಮೇಲೆ ಹಾಲ್ವರ್ ಬೈದ, ಗೋಡೆಗೆ.
ಗೋಡೆಗೆ ತಡೆ ಇರಲಿಲ್ಲ.
'ಬರೆದುಕೋ,' ಎಂದಳು ಐಲಾ, ಏಳಲು ನನ್ನ ಕೈ ಹಿಡಿಯುತ್ತ,
'ಬೈಗುಳವನ್ನಲ್ಲ, ಕೊಳವೆಯನ್ನು.'

ಪುಸ್ತಕದಲ್ಲಿ ಕೊಳವೆ ಬರೆದೆ.
ಬೈಗುಳ ಇಲ್ಲಿದೆ.